ಪುಷ್ಪವಾಟಿಕೆಗೆ ಬಂದ ಮಣ್ಣೆತ್ತು

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಡೆ ಹೊಸ ಮನೆ ಕಟ್ಟಿಸಿದ ಯಜ್ಞೇಶ್ವರರಾಯರಿಗೆ ಸ್ವಂತ ಸೂರಿನ ಸುಖ ದಕ್ಕಿದ್ದು ಗೃಹಪ್ರವೇಶದ ಮಧ್ಯಾಹ್ನದವರೆಗೆ ಮಾತ್ರ. ಉಂಡ ನೆಂಟರು ಧಾರವಾಡದ ಗಾಡಿ ಹಿಡಿದರೋ ಇಲ್ಲವೋ, ಹೆಂಡತಿ ಮಂದಾಕಿನಿ ಬಾಗಿಲಲ್ಲಿ ನಿಂತು ಸುತ್ತಲಿನ ಬಯಲನ್ನೊಮ್ಮೆ ನೋಡಿದಳು.

"ಇಲ್ಲೆ ಮಾತಾಡ್ಲಿಕ್ಕೆ ಯಾರಿದ್ದಾರ್ರೀ?"

"ನಾ ಇಲ್ಲೇನು?"

"ನೀವಿದ್ದೀರಿ. ಅದಕ್ಕ ಕೇಳಿದೆ."

ಮಂದಾಕಿನಿ ಧಾರವಾಡದ ಓಣಿಯಲ್ಲಿ ಬೆಳೆದವಳು. ಅಲ್ಲಿ ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಎದುರುಮನೆಯವರು ಸೀನಿ, ಇವತ್ತು ಏನು ಅಡಿಗೆ ಎಂದು ಕೇಳುತ್ತಿದ್ದರು. ಇಲ್ಲಿ ಮನೆಗಳು ಅಲ್ಲೊಂದು ಇಲ್ಲೊಂದು ಎದ್ದಿದ್ದವು, ನಡುವೆ ಬರೀ ಕಲ್ಲು, ಗರಸು. ಹಿಂದಿನ ಮನೆಯಲ್ಲಿ ಎಮ್ಮೆ ಸಾಕಿಕೊಂಡಿದ್ದ ಗುಡ್ಡವ್ವ, ಬದಿಯ ಮನೆಯಲ್ಲಿ ಮದೀನಾಬಿ. ಅವರ ಪರಿಚಯ ಇನ್ನೂ ನಗೆ ಬೀರುವುದರಾಚೆ ಹೋಗಿರಲಿಲ್ಲ. ಹುಬ್ಬಳ್ಳಿ ಧಾರವಾಡ ಎರಡನ್ನೂ ಕೂಡಿಸಿ ಒಂದೇ ಊರು ಮಾಡುತ್ತಾರಂತೆ ಎಂಬ ಸುದ್ದಿ ಹಬ್ಬಿದ್ದ ಕಾಲ ಅದು. ರಾಯರು ಸಮಾಧಾನಕ್ಕೆಂದು ಅದನ್ನು ಹೇಳಿದರೆ, "ಊರು ಆಮ್ಯಾಲೆ ಕೂಡಿಸ್ಲಿ, ಮೊದಲ ನಮ್ಮ ಓಣಿ ತಂದು ಇಲ್ಲೆ ಇಡ್ಲಿ" ಎಂದಳು ಮಂದಾಕಿನಿ. ಅಷ್ಟಕ್ಕೇ ನಿಲ್ಲಿಸಲಿಲ್ಲ.

"ಪಂಚಮಿಗೆ ವೆಂಕಣ್ಣ ಕರೀಲಿಕ್ಕೆ ಬರ್ತಾನ. ಹೋದಾಕಿ ನಾ ಹೊಳ್ಳಿ ಬರೂದಿಲ್ಲ, ಈಗ ಹೇಳೇನಿ. ನೀವೊಂದು ಖಾನಾವಳಿ ನೋಡ್ಕೋರಿ."

ನಾಗರ ಪಂಚಮಿಗೆ ತಮ್ಮ ಬಂದು ಅಕ್ಕನನ್ನು ತವರಿಗೆ ಕರೆದೊಯ್ಯುವುದು ರೂಢಿ. ಅಕ್ಕ ಹೊರಳಿ ಬರದಿರುವುದು ರೂಢಿಯಲ್ಲ. ರಾಯರು ಬೆಚ್ಚಿದರು. ಖಾನಾವಳಿಯ ಸಾರಿನ ಹೆದರಿಕೆ ಒಂದು ಪಾಲಾದರೆ, ಮಂದಾಕಿನಿಯಿಲ್ಲದ ಮನೆಯ ಹೆದರಿಕೆ ಮೂರು ಪಾಲು. (ಇದನ್ನು ಅವರು ಹೆಂಡತಿಗೆ ಎಂದೂ ಹೇಳಿರಲಿಲ್ಲ. ಹೇಳಿದರೆ ತಲೆಯ ಮೇಲೆ ಕೂತಾಳು ಎಂಬ ಭಯ. ಆಗಲೇ ಕೂತಿದ್ದಾಳೆಂಬುದು ಅವರಿಗೆ ಗೊತ್ತಿರಲಿಲ್ಲ.)

ಅವರ ತಲೆಯಲ್ಲಿ ದಿವ್ಯವಾದ ಯೋಚನೆಯೊಂದು ಹೊಳೆದದ್ದು ಆಗಲೇ. ಆಫೀಸಿನ ಕಾಗದಪತ್ರ ಹಿಡಿದು ಸಾಹೇಬರ ಬಂಗಲೆಗೆ ಹೋದಾಗ ಕಂಡ ತೋಟ ನೆನಪಾಯಿತು.

"ನಿನಗ ಹೊತ್ತು ಹೋಗಬೇಕು, ಹೌದಲ್ಲೋ? ಅಂಗಳದಾಗ ಪುಷ್ಪವಾಟಿಕಾ ಮಾಡ್ತೇನಿ!"

"ಹೂವಿನ ಗಿಡಾ ಮಾತಾಡ್ತಾವೇನ್ರೀ?"

ಮಾತಾಡದಿರುವುದೇ ಅವುಗಳ ದೊಡ್ಡ ಗುಣ ಎಂದು ರಾಯರು ಮನಸ್ಸಿನಲ್ಲೇ ಅಂದುಕೊಂಡರು. (ಬಾಯಿಬಿಟ್ಟು ಅಂದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.)

ಯೋಜನೆ ಭರ್ಜರಿಯಾಗಿಯೇ ತಯಾರಾಯಿತು. ಗೇಟಿನ ಬಳಿ ಅರ್ಧಚಂದ್ರಾಕಾರದ ಪಾತಿ, ಅದರಲ್ಲಿ ಪುಣೆಯಿಂದ ತರಿಸಿದ ವಿಲಾಯತಿ ಹೂವಿನ ಬೀಜ. ನಡುವೆ ಗುಲಾಬಿ. ಮೂಲೆಯ ದೊಡ್ಡ ಬೇವಿನ ಗಿಡಕ್ಕೊಂದು ಕಟ್ಟೆ. ಸಂಜೆ ಅದರ ಮೇಲೆ ಸತಿಪತಿಯರಿಬ್ಬರೇ ಕೂತು ಚಹ ಕುಡಿಯುವುದು. ಕಟ್ಟೆಯನ್ನೇನೋ ಗೌಂಡಿ ಕಟ್ಟಿಕೊಟ್ಟ. ಆದರೆ ಪಾತಿ ಅಗೆಯಲು ರಾಯರು ಗುದ್ದಲಿ ಎತ್ತಿ ಹಾಕಿದರೆ ನೆಲದಿಂದ ಕಿಡಿ ಹಾರಿತು. ಅಂಥ ಗರಸಿನಲ್ಲಿ ಗುಲಾಬಿಯಿರಲಿ, ಗರಿಕೆಯೂ ಬದುಕುವಂತಿರಲಿಲ್ಲ. ರಾಯರು ಹೇಗೋ ತಗ್ಗು ತೋಡಿ, ಹತ್ತಿರದ ಸುಳ್ಳ ಗ್ರಾಮದ ಹೊಳೆಯಪ್ಪನಿಗೆ ಒಂದು ಗಾಡಿ ಎರೆಮಣ್ಣು ತರಲು ಹೇಳಿದರು.

ಗಾಡಿ ಬಂದದ್ದು ಅವರು ಆಫೀಸಿಗೆ ಹೊರಟ ಗಡಿಬಿಡಿಯಲ್ಲಿ. ಬೆಣ್ಣೆಯಂಥ ಕರಿಮಣ್ಣು. ಗೇಟಿನ ಮುಂದೆ ರಾಶಿ ಹಾಕಿಸಿ, "ಒಂದು ಹೆಂಟೀನೂ ಯಾರೂ ಮುಟ್ಟಬಾರದು!" ಎಂದು ಹೆಂಡತಿಗೆ ಆಜ್ಞೆ ಮಾಡಿ ಸೈಕಲ್ಲು ಹತ್ತಿದರು.

ಗುದ್ದಲಿ ಹಾಕಲು ರಾಹುಕಾಲ ನೋಡಿದ್ದ ರಾಯರು, ಮಣ್ಣು ತರಿಸಲು ತಿಥಿ ನೋಡಿರಲಿಲ್ಲ. ಮರುದಿನ ಮಣ್ಣೆತ್ತಿನ ಅಮಾವಾಸ್ಯೆ! ಮನೆಮನೆಯಲ್ಲೂ ಹಸಿಮಣ್ಣಿನ ಜೋಡೆತ್ತು ಮಾಡಿ, ಮುಂದೊಂದು ಮೇವು ಹಾಕುವ ಗೋದಲಿ ಕಟ್ಟಿ ಅದಕ್ಕೆ ಕಾಳು ಸುರಿದು ಪೂಜಿಸುವ ದಿನ. ಒಂದು ಮುಷ್ಟಿ ಎರೆಮಣ್ಣಿಗೆ ಎಲ್ಲಿಗೆ ಹೋಗೋಣವ್ವಾ ಎಂದು ಬಡಾವಣೆಯ ಹೆಂಗಸರು ಚಿಂತಿಸುತ್ತಿರುವಾಗ, ಮಣ್ಣು ಗಾಡಿ ಹತ್ತಿಕೊಂಡು ತಾನಾಗಿಯೇ ಬಂದಿಳಿದಿತ್ತು. ಎತ್ತು ಮಾಡಲು ಮಣ್ಣು ಕೇಳಿದವರಿಗೆ ಇಲ್ಲ ಎನ್ನುವುದುಂಟೇ?

ಸಂಜೆ ರಾಯರು ಬಂದಾಗ ರಾಶಿಯಿದ್ದಲ್ಲಿ ರೊಟ್ಟಿಯಷ್ಟು ಮಣ್ಣು ಉಳಿದಿತ್ತು. ಪಡಸಾಲೆಗೆ ನುಗ್ಗಿದರೆ ಅಲ್ಲಿ ದನದ ಪೇಟೆ! ಮೊಣಕೈಯವರೆಗೆ ಮಣ್ಣಾದ ಮಂದಾಕಿನಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಸುತ್ತ ಹೆಂಗಸರು. ನಡುವೆ ಗುಡ್ಡವ್ವ ಎತ್ತಿನ ಭುಜ ತಿದ್ದುತ್ತಿದ್ದಳು. ಈ ಮನೆಗೆ ಬಂದಮೇಲೆ ಹೆಂಡತಿ ಹಾಗೆ ನಕ್ಕಿದ್ದು ಅದೇ ಮೊದಲು. ಆದರೆ ರಾಯರಿಗೆ ನಗು ಕೇಳಿಸಲಿಲ್ಲ, ಮಣ್ಣು ಮಾತ್ರ ಕಾಣಿಸಿತು.

"ನನ್ನ ಮಣ್ಣೆಲ್ಲಿ?"

"ಎತ್ತಾಗೇದ. ಇದರ ಕೋಡು ನೋಡ್ರಿ, ಎಷ್ಟು ಛಂದ ಬಂದಾವ."

"ಅದು ಗುಲಾಬಿಗಂತ ತರಿಸಿದ್ದು!"

"ಗುಲಾಬಿಗೆ ಯಾವ ಅಮಾಸಿ ಅದ ಹೇಳ್ರಿ, ಅವತ್ತ ಅದಕ್ಕೂ ಕೊಡೂಣು."

ಗುಡ್ಡವ್ವ ಸೆರಗು ಸರಿಮಾಡಿಕೊಂಡು ನಡುವೆ ಬಾಯಿ ಹಾಕಿದಳು. "ಸಿಟ್ಟಾಗಬ್ಯಾಡ್ರಿ ರಾಯರ. ಬಸವಣ್ಣನ ಮಣ್ಣ ಯಾರೂ ಇಟಗೊಳ್ಳಾಂಗಿಲ್ಲ. ಪೂಜಿ ಆದಮ್ಯಾಲೆ ನಿಮ್ಮ ಮಣ್ಣ ನಿಮ್ಮ ಮನೀಗೆ ನಡಕೋತ ಬರ್ತೈತಿ."

"ನಡಕೋತ ಬರೂ ಮಣ್ಣು!" ಎಂದು ಗೊಣಗುತ್ತ ರಾಯರು ಚಹವಿಲ್ಲದೆ ಒಳಗೆ ಹೋದರು.

ಆದರೆ ಗುಡ್ಡವ್ವ ಸುಳ್ಳು ಹೇಳಿರಲಿಲ್ಲ. ಪೂಜೆಯಾದ ಎತ್ತುಗಳನ್ನು ಬಿಡಲು ಆ ಹೊಸ ಬಡಾವಣೆಯಲ್ಲಿ ಬಾವಿಯಿಲ್ಲ, ಕೆರೆಯಿಲ್ಲ. ಮಣ್ಣು ಕೊಟ್ಟ ಮನೆಗೇ ಬಿಡೋಣವೆಂದು ಹೆಂಗಸರೆಲ್ಲ ಎತ್ತು, ಗೋದಲಿ, ಕಾಳಿನ ಸಮೇತ ಮೆರವಣಿಗೆಯಲ್ಲಿ ಬಂದರು. ರಾಯರ ಪುಷ್ಪವಾಟಿಕೆಯ ತಗ್ಗುಗಳೆಲ್ಲ ಎತ್ತುಗಳಿಂದ ತುಂಬಿಹೋದವು. ಮಣ್ಣು ಕೊಟ್ಟವರ ಮನೆಗೆ ಬರಿಗೈಲಿ ಬರುವುದು ಸರಿಯಲ್ಲವೆಂದು ಒಬ್ಬಳು ಅಬ್ಬಲಿಗೆಯ ಸಸಿ ತಂದಳು, ಇನ್ನೊಬ್ಬಳು ಮಲ್ಲಿಗೆಯ ಬಳ್ಳಿ. ಒಲೆ ಮೆತ್ತಲು ಒಂದು ಬುಟ್ಟಿ ಒಯ್ದಿದ್ದ ಮದೀನಾಬಿ ಮದರಂಗಿಯ ಕಡ್ಡಿ ತಂದು ಬೇಲಿಯಗುಂಟ ತಾನೇ ನೆಟ್ಟಳು. ಮೇಲೆ ಮಳೆ ಹಿಡಿಯಿತು. ಎತ್ತುಗಳು ಮೊದಲು ಕೋಡು ಕಳೆದುಕೊಂಡು, ಆಮೇಲೆ ಕಾಲು ಕಳೆದುಕೊಂಡು, ಕೊನೆಗೆ ಮರಳಿ ಸುಳ್ಳದ ಮಣ್ಣಾದವು. ರಾಯರು ಹಿಗ್ಗಿ, ಅದರ ಮೇಲೆ ಪುಣೆಯ ಬೀಜ ಬಿತ್ತಿದರು.

ಅರ್ಧಚಂದ್ರದ ಪಾತಿಯಲ್ಲಿ ಹಸಿರು ಮೊಳಕೆ ಎದ್ದ ದಿನ ರಾಯರು ಪಾಯಸ ಮಾಡಿಸಿದರು. ಮಳೆ ಜೋರಾದರೆ ತಾವು ತೊಯ್ಸಿಕೊಂಡು ಸಸಿಗಳಿಗೆ ಕೊಡೆ ಹಿಡಿದರು. "ವಿಲಾಯತಿ ಹೂವು. ಭಾಳ ನಾಜೂಕು" ಎಂದು ಬಂದವರಿಗೆಲ್ಲ ಹೇಳಿದರು. ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತ ಕೂತ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಅದು ಭಕ್ತಿಯೆಂದೇ ರಾಯರ ತಿಳುವಳಿಕೆ. ಕಡೆಗೊಂದು ದಿನ ಗುಡ್ಡವ್ವನಿಗೆ ತಡೆದುಕೊಳ್ಳಲಾಗಲಿಲ್ಲ.

"ರಾಯರ, ಇಷ್ಟು ವರ್ಸ ಆತು, ಜ್ವಾಳಕ್ಕ ಕೊಡಿ ಹಿಡದವರನ್ನ ನಾ ಒಬ್ರನ್ನೂ ನೋಡಿಲ್ರಿ!"

ಗೋದಲಿಯ ಕಾಳು ಮೊಳೆತಿತ್ತು. ಪುಣೆಯ ಬೀಜ ಮಣ್ಣಿನಲ್ಲೇ ಕೈಲಾಸ ಸೇರಿತ್ತು. ರಾಯರು ಹೆಂಡತಿಯ ಕಡೆ ತಿರುಗಿದರು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ತು. ನೀವು ಎಷ್ಟು ಖುಷೀಲೆ ಕೊಡಿ ಹಿಡಿದು ನಿಂತಿದ್ರಿ, ಯಾಕ ಕೆಡಿಸ್ಲಿ?"

ಕಿತ್ತು ಹಾಕುತ್ತೇನೆಂದು ಕೈ ಹಾಕಿದರೆ, "ಪೂಜಿ ಕಾಳು, ಕೀಳಬಾರದು" ಎಂದು ಹೆಂಗಸರೆಲ್ಲ ಒಟ್ಟಾಗಿ ಗದರಿದರು. ಹೀಗೆ ಗೇಟಿನ ಬಳಿ ಜೋಳ ತೊನೆಯಿತು, ಬೇಲಿಗೆ ಮದರಂಗಿ ಚಿಗುರಿತು, ಕಟ್ಟೆಯ ಕೆಳಗೆ ಅಬ್ಬಲಿಗೆ ಹೂ ಬಿಟ್ಟಿತು. ಸಾಹೇಬರ ತೋಟ ನೋಡಲು ಮಾತ್ರ ಚೆಂದ. ಇಲ್ಲಿ ಸಂಜೆಯಾದರೆ ಹರಟೆ, ಹಾಡು, ಹೂ ಕಟ್ಟುವುದು. ಇಬ್ಬರೇ ಕೂಡಬೇಕೆಂದು ಕಟ್ಟಿಸಿದ ಕಟ್ಟೆಯಲ್ಲಿ ರಾಯರಿಗೆ ಒಂದು ಗೇಣು ಜಾಗ ಸಿಗಲಿಲ್ಲ. ಅವರು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ಚಹ ಕುಡಿಯುತ್ತ ಹೆಂಡತಿಯ ನಗು ಕೇಳುತ್ತಿದ್ದರು. ಈ ಸಲ ಚೆನ್ನಾಗಿ ಕೇಳಿಸಿತು. ಕಳೆದುಹೋದ ಆ ಗಾಡಿ ಮಣ್ಣಿಗೂ, ಅದನ್ನು ದೋಚಿದ ಒಬ್ಬೊಬ್ಬ ಹೆಂಗಸಿಗೂ ಅವರು ಮನಸ್ಸಿನಲ್ಲೇ ಕೈಮುಗಿದರು.

ಆದರೂ ಪಂಚಮಿ ಹತ್ತಿರ ಬಂದಂತೆ ರಾಯರು ದಿನಕ್ಕೆರಡು ಸಲ ಪಂಚಾಂಗ ತೆರೆದು ನೋಡತೊಡಗಿದರು. ಮಂದಾಕಿನಿ ಹೇಳಿದ್ದಂತೆ ತಮ್ಮ ವೆಂಕಣ್ಣ ಬಂದೇಬಿಟ್ಟ.

"ಅಕ್ಕಾ, ತಯಾರಾಗು. ಅವ್ವ ದಾರಿ ನೋಡ್ಲಿಕ್ಕತ್ಯಾಳ."

"ನಾ ಹೆಂಗ ಬರ್ಲೋ ವೆಂಕಣ್ಣಾ? ಬೇವಿನ ಗಿಡಕ್ಕ ಪಂಚಮಿ ಜೋಕಾಲಿ ಕಟ್ಟೇವಿ. ಎಲ್ಲಾರೂ ನಮ್ಮ ಅಂಗಳದಾಗ ಕೂಡೂದದ. ಮನೀ ಬಿಟ್ಟು ನಾನ ಹೋದ್ರ ಹೆಂಗ?"

ರಾಯರ ಕಣ್ಣು ಒದ್ದೆಯಾಯಿತು. 'ನಮ್ಮ ಅಂಗಳ' ಅಂದಳು! 'ಮನೀ' ಅಂದಳು! ಇಲ್ಲಿಯವರೆಗೆ ಹೇಳದಿದ್ದುದನ್ನು ಇವತ್ತು ಹೇಳಿಬಿಡಬೇಕೆಂದು ಅವರು ಬಾಯಿ ತೆರೆಯುವಷ್ಟರಲ್ಲಿ ಮಂದಾಕಿನಿ ಒಳಗಿನಿಂದ ಕೈಚೀಲವೊಂದನ್ನು ತಂದು ಅವರ ಕೈಗಿತ್ತಳು.

"ಕರೀಲಿಕ್ಕೆ ಬಂದಾಂವ ಬರಿಗೈಲೆ ಹೋಗಬಾರದು. ವೆಂಕಣ್ಣಾ, ಇವರನ್ನ ಕರಕೊಂಡು ಹೋಗು."

"ನನ್ನ? ನಾ ಯಾಕ?"

"ಹೆಂಗಸರು ಜೋಕಾಲಿ ಆಡೂ ಕಡೆ ನಿಮ್ಮ ಕೆಲಸೇನ್ರೀ? ನೀವಿದ್ರ ಗುಡ್ಡವ್ವಗ ನಾಚಿಕಿ ಬರ್ತದಂತ."

ಗುಡ್ಡವ್ವನಿಗೆ ನಾಚಿಕೆ! ರಾಯರು ಕೈಚೀಲ ಹಿಡಿದು ಗಾಡಿ ಹತ್ತಿದರು.

ಧಾರವಾಡದಲ್ಲಿ ಅತ್ತೆಯವರು ಮಗಳಿಗೆಂದು ಉಂಡಿ ಕಟ್ಟಿ, ಪಡಸಾಲೆಯಲ್ಲಿ ಜೋಕಾಲಿ ಹಾಕಿಸಿ ಕಾಯುತ್ತಿದ್ದರು. ಬಂದದ್ದು ಅಳಿಯ. ಮಗಳಿಗೆಂದು ಕಟ್ಟಿಸಿದ ಜೋಕಾಲಿಯನ್ನು ಖಾಲಿ ಬಿಡಬಾರದೆಂದು ಅವರನ್ನೇ ಮಣೆಯ ಮೇಲೆ ಕೂಡಿಸಿ, ಕೈಗೆ ಎಳ್ಳುಂಡಿ ಕೊಟ್ಟರು. ವೆಂಕಣ್ಣ ತೂಗಿದ. ಉಂಡಿ ಕಡಿಯುತ್ತ ಹಿಂದೆ ಮುಂದೆ ಹೋಗುತ್ತಿದ್ದ ರಾಯರಿಗೆ ತಮ್ಮ ಅಂಗಳದ ಗದ್ದಲ ನೆನೆದು ಎದೆ ತುಂಬಿ ಬಂತು. ಅತ್ತೆಯವರು ಹತ್ತಿರ ಬಂದು, ತವರಿಗೆ ಬಂದ ಮಗಳನ್ನು ಕೇಳುವ ದನಿಯಲ್ಲೇ ಕೇಳಿದರು.

"ಅಲ್ಲೆ ನಿಮ್ಮನ್ನ ಛಲೋ ನೋಡ್ಕೋತಾಳೇನ್ರಿ?"

"ಭಾಳ ಛಲೋ ನೋಡ್ಕೋತಾಳ್ರಿ" ಎಂದರು ರಾಯರು, ಕಣ್ಣೊರೆಸಿಕೊಳ್ಳುತ್ತ. "ಹೊಳ್ಳಿ ಕರೀಲಿಕ್ಕೆ ಯಾವಾಗ ಬರ್ತಾಳಂತ ಅಷ್ಟ ಹೇಳಿಲ್ರಿ."