ಕೋಚ್ ಹೇಮಿಶನಿಗೆ ಸನ್ಮಾನ

ಕೋಚ್ ಹೇಮಿಶ್ ಕೆಲಸ ಬಿಟ್ಟು ಸ್ಕಾಟ್ಲೆಂಡಿಗೆ ವಾಪಸು ಹೊರಟಿದ್ದಾನೆಂದು ಕೇಳಿದಾಗ ಜಯರಾಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸಂತೋಷ ತಡೆಯಲಾರದೆ, "ಹಾಗಾದ್ರೆ ಒಂದು ಬೀಳ್ಕೊಡುಗೆ ಮಾಡ್ಬಿಡೋಣ" ಎಂದುಬಿಟ್ಟ.

ಪಾಪ, ಅವನ ಸಂತೋಷಕ್ಕೆ ಕಾರಣವಿತ್ತು. ವಾರವಿಡೀ ಅಮೆರಿಕದ ಸ್ಯಾನ್ ಹೊಸೆಯ ಡಾಟ್‌ಕಾಮ್ ಕಂಪನಿ ಅವನನ್ನು ಗಾಣಕ್ಕೆ ಹಾಕಿ ಹಿಂಡುತ್ತಿತ್ತು. ಸೊಂಟದ ಪೇಜರು ನೆಮ್ಮದಿಯಾಗಿ ಉಣ್ಣಲೂ ಬಿಡದು. ಉಳಿದಿದ್ದು ಎರಡು ಬೆಳಗಿನ ನಿದ್ದೆ. ಅದರಲ್ಲಿ ಶನಿವಾರದ್ದನ್ನು ಮಗಳು ನಿಸರ್ಗಾಳ ಸಾಕರ್ ಪ್ರಾಕ್ಟೀಸು ನುಂಗಿತ್ತು. ಒಮ್ಮೆ ಚೆಂಡಿನ ಚೀಲ ಹೊತ್ತುಕೊಟ್ಟ ತಪ್ಪಿಗೆ ಹೇಮಿಶ್ ಅವನನ್ನು ಅಸಿಸ್ಟೆಂಟ್ ಮಾಡಿಕೊಂಡಿದ್ದ. ಬೆಳಿಗ್ಗೆ ಏಳಕ್ಕೆ ಮೈದಾನದಲ್ಲಿರಬೇಕು.

ಆ ಶನಿವಾರ ಮೈದಾನದಲ್ಲೇ ಇದ್ದ ಪಕ್ಕದ ಅಪಾರ್ಟ್‌ಮೆಂಟಿನ ಪದ್ಮಜಾ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. "ಇವತ್ತು ಸಾಯಂಕಾಲವೇ ಮಾಡೋಣ. ಬರೀ ಕೇಕ್ ಕಟ್ ಮಾಡಿ ಕಳಿಸೋಕಾಗುತ್ತಾ? ಶಾಲು, ಹಾರ, ಪೇಟ ಎಲ್ಲಾ ಆಗ್ಬೇಕು. ಪರಿಚಯ ಭಾಷಣ ನಿಮ್ದೇ, ಜಯರಾಮ್."

ಜಯರಾಮ ಹೇಮಿಶನನ್ನು ಕೇಳಿ ಕೇಳಿ ಬರೆದುಕೊಂಡ. ಸ್ಕಾಟ್ಲೆಂಡಿನಲ್ಲಿ ಹದಿನಾರು ವರ್ಷದ ಆಟ, ಅದರಲ್ಲಿ ಹನ್ನೊಂದು ವರ್ಷ ಬದಲಿ ಆಟಗಾರನಾಗಿ ಬೆಂಚಿನ ಮೇಲೆ. ಹೊಡೆದ ಒಂದೇ ಗೋಲು ತನ್ನ ತಂಡದ ಬಲೆಗೇ. ಮಂಡಿ ಮುರಿದ ಮೇಲೆ ಅಲ್ಲೇ ಒಂದು ತಂಡಕ್ಕೆ ಕೋಚ್ ಆದ. ಆ ತಂಡ ಸತತ ಇಪ್ಪತ್ತೊಂದು ಪಂದ್ಯ ಸೋತಿತು.

ಹಾಸನದಿಂದ ಬಂದಿದ್ದ ಮಾವ ಕುಬೇರಪ್ಪನವರು ನಿವೃತ್ತ ಹೆಡ್‌ಮಾಸ್ಟರು. ಚೀಟಿ ಓದಿ ಕನ್ನಡಕ ತೆಗೆದರು.

"ಅಳಿಯಂದ್ರೇ, ಇದು ಸನ್ಮಾನವೋ, ಚಾರ್ಜ್‌ಶೀಟೋ?"

"ನಡೆದದ್ದೇ ಅಷ್ಟು, ಮಾವ."

"ಸನ್ಮಾನದಲ್ಲಿ ಸುಳ್ಳು ಹೇಳ್ಬಾರ್ದು. ನಿಜಾನ ತಿದ್ದಬೇಕು. ಕೊಡಿ ಇಲ್ಲಿ."

ಸಂಜೆ ಪಾರ್ಕಿನಲ್ಲಿ ಹೇಮಿಶನ ದೊಡ್ಡ ಕೆಂಪು ತಲೆಗೆ ಪೇಟ ಹತ್ತಲಿಲ್ಲ. ಶೂ ಲೇಸಿನಿಂದ ಗದ್ದಕ್ಕೆ ಕಟ್ಟಿದರು. ತಟ್ಟೆಯಿಂದ ಉರುಳಿದ ತೆಂಗಿನಕಾಯಿಯನ್ನು ಅವನ ಕಾಲು ಹಳೇ ಅಭ್ಯಾಸದಿಂದ ತಡೆಯಿತು. ಮಕ್ಕಳು ಕುಣಿದರು.

ಜಯರಾಮ ಬೇಗ ಮುಗಿಸುವ ಆಸೆಯಿಂದ ಒಂದೇ ಉಸಿರಿಗೆ ಓದಿದ. "ಹನ್ನೊಂದು ವರ್ಷ ಸದ್ದಿಲ್ಲದೆ ತಂಡದ ಬೆನ್ನಿಗೆ ನಿಂತವರು! ಇವರು ಹೊಡೆದ ಗೋಲನ್ನು ಆ ಊರು ಇಂದಿಗೂ ಮರೆತಿಲ್ಲ! ಇಪ್ಪತ್ತೊಂದು ಸೋಲಿನಲ್ಲೂ ತಂಡದ ಕೈಬಿಡದ ಧೀರರು! ಇಂಥವರನ್ನು ಕಳೆದುಕೊಳ್ಳುತ್ತಿರುವ ನಾವು ಅನಾಥರು!"

ನಿಸರ್ಗಾ ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ಹೇಮಿಶನ ಕಿವಿಗೆ ಉಸುರುತ್ತಿದ್ದಳು. ಕೊನೆಯ ಸಾಲಿಗೆ ಕೂಗಿದಳು: "ಡ್ಯಾಡಿ, ಹೀ ಈಸ್ ಕ್ರೈಯಿಂಗ್!"

ಪೇಟ ಹೊತ್ತ ಆ ದಢೂತಿ ಆಳು ಮಗುವಿನಂತೆ ಅಳುತ್ತಿದ್ದ. ಜಯರಾಮ ತನ್ನ ಕರ್ಚೀಫನ್ನೇ ಕೊಟ್ಟ. ಹೇಮಿಶ್ ಮೂಗೊರೆಸಿಕೊಂಡು ಹೇಳಿದ: ನಲವತ್ತೆಂಟು ವರ್ಷದಲ್ಲಿ ತನ್ನ ಬಗ್ಗೆ ಯಾರೂ ಒಂದೊಳ್ಳೆ ಮಾತಾಡಿರಲಿಲ್ಲ. ಇಲ್ಲೂ ತಾನು ಯಾರಿಗೂ ಬೇಡವೆಂದುಕೊಂಡೇ ಹೊರಟಿದ್ದ. ಇನ್ನು ಹೋಗುವುದಿಲ್ಲ, ಟಿಕೆಟು ಈಗಲೇ ಕ್ಯಾನ್ಸಲ್ಲು. ಇಷ್ಟು ಪ್ರೀತಿಗೆ ಶನಿವಾರವೊಂದೇ ಸಾಲದು, ಭಾನುವಾರವೂ ಪ್ರಾಕ್ಟೀಸು, ಬೆಳಿಗ್ಗೆ ಆರೂವರೆಗೆ.

"ನಾಳೆಯಿಂದಲೇ ಶುರು!" ಪದ್ಮಜಾ ಎಲ್ಲರಿಗೂ ಕೇಳುವಂತೆ ಸಾರಿದಳು. ಕುಬೇರಪ್ಪನವರು ತಮ್ಮ ಸಾಹಿತ್ಯದ ಶಕ್ತಿಗೆ ತಾವೇ ತಲೆದೂಗಿದರು.

ಹೇಮಿಶ್ ತನ್ನ ಶಾಲು ತೆಗೆದು ಜಯರಾಮನಿಗೆ ಹೊದಿಸಿ ಬಿಗಿಯಾಗಿ ಅಪ್ಪಿಕೊಂಡ. ಶಾಲು ಬೆಚ್ಚಗಿತ್ತು. ಹೊದ್ದು ಮಲಗುವ ಯೋಗ ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ.