ದೊಡ್ಡಪ್ಪನಿಗೆ ಎರಡನೇ ಭಾಗ ಬಂತು

ನಮ್ಮ ದೊಡ್ಡಪ್ಪ ಕೊಡಗಿನಲ್ಲಿದ್ದದ್ದು ಊಟಕ್ಕೆ ಮತ್ತು ಉದ್ಯೋಗಕ್ಕೆ ಮಾತ್ರ. ಉಳಿದ ಹೊತ್ತೆಲ್ಲ ಅವರ ವಾಸ ಯಾವ ಭೂಪಟದಲ್ಲೂ ಇಲ್ಲದ ಒಂದು ದೇಶದಲ್ಲಿ! ಉತ್ಪ್ರೇಕ್ಷೆ ಅನ್ನುತ್ತೀರಾ? ಸಿದ್ದಾಪುರದ ಬಸ್ ಕಂಡಕ್ಟರರನ್ನು ಕೇಳಬೇಕಿತ್ತು ನೀವು. ಆ ದೇಶದ ಸುದ್ದಿ ಕೇಳಿ ಕೇಳಿ ಪಾಪ, ಅವರೂ ಸುಸ್ತಾಗಿದ್ದರು.

ಸಿದ್ದಾಪುರದ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ದೊಡ್ಡಪ್ಪ ರೈಟರ್. ಕತೆ ಬರೆಯುವವರು ಎಂದುಕೊಳ್ಳಬೇಡಿ, ಆಳುಗಳ ಹಾಜರಿ ಬರೆಯುವವರು. ನಾನಾಗ ಅಲ್ಲಿಯ ಶಾಲೆಗೆ ಹೊಸದಾಗಿ ಟೀಚರಾಗಿ ಬಂದು ಅವರ ಮನೆಯಲ್ಲೇ ಉಳಿದಿದ್ದೆ. ಹೋದ ದಿನ ಟ್ರಂಕು ಕೆಳಗಿಡುವ ಮೊದಲೇ ದೊಡ್ಡಪ್ಪನ ಪ್ರಶ್ನೆ:

"ಎರಡು ವರ್ಷದಿಂದ ಒಂದು ಮಗು ಬೊಗಸೇಲಿ ನೀರು ಹಿಡ್ಕೊಂಡು ನಿಂತದೆ. ಕೈ ನೋಯಲ್ವೇನವ್ವ ಅದಕ್ಕೆ?"

ನಾನು ಗಾಬರಿಯಿಂದ ಹಿತ್ತಲ ಕಡೆ ನೋಡಿದೆ! ದೊಡ್ಡಮ್ಮ ಒಳಗಿನಿಂದಲೇ ಕೂಗಿದರು: "ನಮ್ಮನೇಲಲ್ಲ ಕಣೇ, ಪುಸ್ತಕದಲ್ಲಿ. ನೀನು ಕೈಕಾಲು ತೊಳ್ಕೊಂಡು ಬಾ."

ಆ ಪುಸ್ತಕದಲ್ಲಿ ಮಂಜಿನಾಚೆಗೆ ಇನ್ನೊಂದು ಲೋಕವಿತ್ತು. ಅಲ್ಲಿ ಹೊಳೆಗಳು ಗುಡ್ಡ ಹತ್ತುತ್ತವೆ, ಮರಗಳು ಬೇಸರವಾದರೆ ಎದ್ದು ಬೇರೆ ಕಡೆ ಹೋಗಿ ನಿಲ್ಲುತ್ತವೆ. ಕರು ಹುಡುಕಿಕೊಂಡು ಹೋದ ಒಬ್ಬ ಪುಟ್ಟ ಹುಡುಗಿ ದಾರಿ ತಪ್ಪಿ ಆ ಲೋಕ ಸೇರುತ್ತಾಳೆ. ಅಲ್ಲೊಂದು ಕೊಳ. ಅದರ ನೀರು ಕುಡಿದವರಿಗೆ ಈಚೆಯ ಲೋಕ ಪೂರ್ತಿ ಮರೆತುಹೋಗುತ್ತದೆ. ಬಾಯಾರಿದ ಹುಡುಗಿ ಬೊಗಸೆ ತುಂಬ ನೀರೆತ್ತುತ್ತಾಳೆ... ಅಲ್ಲಿಗೆ ಮೊದಲ ಭಾಗ ಮುಗಿಯಿತು! ಹೀಗೂ ಒಬ್ಬ ಮನುಷ್ಯನನ್ನು ನಡುದಾರಿಯಲ್ಲಿ ಇಳಿಸಿ ಹೋಗುವುದುಂಟೇ?

ಎರಡನೇ ಭಾಗ ಮೈಸೂರಿನಿಂದ ಬರಬೇಕು. ಕೊಡಗು ಆಗ ತನ್ನದೇ ಪುಟ್ಟ ರಾಜ್ಯ, ಮೈಸೂರು ಬೇರೆ ರಾಜ್ಯ. ತಡವಾದದ್ದಕ್ಕೆಲ್ಲ ದೊಡ್ಡಪ್ಪ ಎರಡೂ ಸರ್ಕಾರಗಳನ್ನು ಸಮನಾಗಿ ಬೈಯುತ್ತಿದ್ದರು. ದಿನಾ ಬಸ್ಸಿಗೆ ಅಡ್ಡ ನಿಂತು "ಬಂತಾ?" ಅನ್ನುವುದು, ಕಂಡಕ್ಟರ್ "ಇಲ್ಲ ರೈಟರೇ" ಅನ್ನುವುದು ನಡೆದೇ ಇತ್ತು. ಕೊನೆಗೊಂದು ದಿನ ಕಂಡಕ್ಟರ್ ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಅರ್ಧ ಹೊರಬಂದು ಪಾರ್ಸಲ್ ಬೀಸುತ್ತಾ ಕೂಗಿದರು: "ರೈಟರೇ, ಬಂತು! ಆ ಮಗುವಿಗೆ ಒಮ್ಮೆ ಕೈ ಕೆಳಗೆ ಹಾಕ್ಲಿಕ್ಕೆ ಹೇಳಿ!"

ಸಂಭ್ರಮ ಕೇಳುತ್ತೀರಾ! ದೊಡ್ಡಪ್ಪ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಓಡಿಬಂದರು. ಇನ್ನೊಂದನ್ನು ಕಂಡಕ್ಟರ್ ಮರುದಿನ ತಂದುಕೊಟ್ಟರು.

ನಾವು ಮಾಡಿಕೊಂಡ ಒಪ್ಪಂದದ ಪ್ರಕಾರ ದೊಡ್ಡಪ್ಪ ಸಂಜೆ ದೀಪ ಹಚ್ಚಿದ ಮೇಲೆ ನಮಗೆಲ್ಲ ಗಟ್ಟಿಯಾಗಿ ಓದಿ ಹೇಳಬೇಕು, ಕದ್ದು ಮುಂದೆ ಓದಬಾರದು. ಓದಲು ಬಾರದ ದೊಡ್ಡಮ್ಮ ಅವರೆಕಾಳು ಸುಲಿಯುತ್ತಾ, "ನಂಗೇನೂ ಬೇಕಾಗಿಲ್ಲಪ್ಪ ನಿಮ್ಮ ಕತೆ" ಎನ್ನುತ್ತಲೇ ಮಣೆಯನ್ನು ದಿನಕ್ಕೊಂದು ಗೇಣು ಹತ್ತಿರ ಎಳೆದುಕೊಳ್ಳುತ್ತಿದ್ದರು.

ದೊಡ್ಡಪ್ಪ ಒಪ್ಪಂದ ಮುರಿದದ್ದು ಬಯಲಾದದ್ದು ಎಸ್ಟೇಟಿನ ಹಾಜರಿಯಿಂದ. ಕಾಫಿ ಹಣ್ಣು ಕೊಯ್ಯುವ ಕಾಲ. ಮ್ಯಾನೇಜರು ಹಾಜರಿ ಪುಸ್ತಕ ಹಿಡಿದು ನೇರ ಮನೆಗೇ ಬಂದರು.

"ಇದು ಯಾರ್ರೀ, ಧೂಮಬಾಹು?"

ದೊಡ್ಡಪ್ಪ ಬೆವರಿದರು. ಧೂಮಬಾಹು ಎರಡನೇ ಭಾಗದ ಮಂತ್ರವಾದಿ, ನಮ್ಮ ಸಂಜೆಯ ಓದು ಅವನವರೆಗೆ ಇನ್ನೂ ಬಂದೇ ಇರಲಿಲ್ಲ!

"ಮೂರು ದಿನದಿಂದ ಪಿಕ್ಕಿಂಗಿಗೆ ಹಾಜರಿದ್ದಾನೆ. ನಾನಂತೂ ನೋಡಿಲ್ಲ."

"ಅವನು... ಹೊಗೆಯಾಗಿ ಓಡಾಡ್ತಾನೆ ಸಾರ್," ಅಂದುಬಿಟ್ಟರು ದೊಡ್ಡಪ್ಪ.

ಕೆಲಸ ಹೋಯಿತೆಂದೇ ನಾನು ತಿಳಿದೆ. ಮ್ಯಾನೇಜರು ಕತೆ ಪುಸ್ತಕ ಕೈಗೆತ್ತಿಕೊಂಡು ಎರಡು ಪುಟ ಓದಿದರು. ಎರಡು ನಾಲ್ಕಾಯಿತು. ಕಾಫಿ ಆರಿತು. ಕೊನೆಗೆ ಗಂಟಲು ಸರಿಮಾಡಿಕೊಂಡು, "ನಾಳೆಯಿಂದ ಅವನಿಗೆ ಗೈರುಹಾಜರಿ ಹಾಕಿ. ಮತ್ತೆ, ಮೊದಲನೇ ಭಾಗ ಮನೇಲಿದೆಯಾ?" ಎಂದರು!

ಕತೆಗಾರ ಮಹಾಶಯನಾದರೋ ಮಹಾ ಹಟಮಾರಿ. ಇನ್ನೂರು ಪುಟವಾದರೂ ಆ ನೀರನ್ನು ಕುಡಿಸಲೂ ಇಲ್ಲ, ಚೆಲ್ಲಿಸಲೂ ಇಲ್ಲ. ಮಗಳನ್ನು ಹುಡುಕುತ್ತಾ ತಾಯಿ ಮಂಜಿನ ಅಂಚಿಗೆ ಬಂದು ಕೂಗುವ ಅಧ್ಯಾಯ ಬಂದಾಗ ದೊಡ್ಡಮ್ಮ ಅವರೆಕಾಯಿ ಬಿಟ್ಟು ಬರೀ ಸಿಪ್ಪೆಯನ್ನೇ ಸುಲಿಯುತ್ತಿದ್ದರು.

"ರೀ, ಆ ನೀರು ಕುಡೀಬಾರ್ದು ಅದು. ಕುಡಿಯಲ್ಲ ಅಲ್ವಾ?"

"ಓದಿದ್ರೆ ತಾನೇ ಗೊತ್ತಾಗೋದು!" ಎಂದು ದೊಡ್ಡಪ್ಪ ಬೇಕೆಂದೇ ಪುಸ್ತಕ ಮುಚ್ಚಿದರು.

ಮರುದಿನ ಅವರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೇ ಎಸ್ಟೇಟಿನಿಂದ ಬಂದರು. ತಿಂಡಿ ಮುಟ್ಟಲಿಲ್ಲ. ಸಂಜೆ ಕೊನೆಯ ಅಧ್ಯಾಯಕ್ಕೆ ಕೂತೆವು. ತಡೆಯಲಾರದೆ ನಾನು ಅವರ ಹೆಗಲ ಮೇಲಿಂದ ಇಣುಕಿ ಒಂದೆರಡು ಸಾಲು ಮುಂದೆ ಓದಿಬಿಟ್ಟೆ. ಅಲ್ಲಿ ಹೀಗಿತ್ತು: ಹುಡುಗಿ ನೀರು ಕುಡಿದಳು. ಯಾರೋ ದೂರದಲ್ಲಿ ಕೂಗುತ್ತಿದ್ದರು. ಆ ದನಿ ಯಾರದೆಂದು ಅವಳಿಗೆ ತಿಳಿಯಲಿಲ್ಲ.

ದೊಡ್ಡಪ್ಪ ಅದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು: "ಹುಡುಗಿ ಬೊಗಸೆ ಬಿಡಿಸಿದಳು. ನೀರು ಸೋರಿಹೋಯಿತು. ನನಗೆ ಬಾಯಾರಿಕೆ ಇಲ್ಲ, ಬರುವಾಗಲೇ ಅಮ್ಮ ಹಾಲು ಕುಡಿಸಿದ್ದಾಳೆ ಎಂದಳು."

ನಾನು ಬೆಚ್ಚಿ ಅವರ ಮುಖ ನೋಡಿದೆ. ಅವರು ತಲೆಯೆತ್ತಲಿಲ್ಲ. ಇಲ್ಲದ ಸಾಲುಗಳನ್ನು ಒಂದಿಷ್ಟೂ ತಡವರಿಸದೆ ಓದುತ್ತಾ, ಪುಟ ತಿರುಗಿಸಬೇಕಾದಲ್ಲಿ ತಿರುಗಿಸುತ್ತಾ ಹೋದರು.

ದೊಡ್ಡಪ್ಪ ದೊಡ್ಡಮ್ಮನಿಗೆ ಒಬ್ಬ ಮಗಳಿದ್ದಳು. ನಾನು ಹುಟ್ಟುವ ಮೊದಲೇ, ಐದು ವರ್ಷದವಳು, ಜ್ವರ ಬಂದು ಹೋದಳಂತೆ. ನಮ್ಮಮ್ಮ ಒಂದೇ ಒಂದು ಸಲ ಹೇಳಿದ್ದಳು. ಆ ಮನೆಯಲ್ಲಿ ಯಾರೂ ಆ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ.

ಓದು ಮುಗಿಯಿತು. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಂಗಾರೆ ಅದಕ್ಕೆ ಅಮ್ಮ ನೆನಪವ್ಳೆ ಅನ್ನಿ."

"ನೆನಪವ್ಳೆ ಕಣೇ," ಎಂದರು ದೊಡ್ಡಪ್ಪ, ಪುಸ್ತಕವನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು. "ಹಂಗಂತ ಬರೆದವ್ರೆ."