ಪಿತ್ರಾರ್ಜಿತ ಉಸಿರು

ಬಹಳ ಹಿಂದೆ, ಎಂದರೆ ಯಾರೂ ಮಾನನಷ್ಟ ಮೊಕದ್ದಮೆ ಹೂಡಲಾರದಷ್ಟು ಹಿಂದೆ, ಗೆಲುವಾಪುರ ಎಂಬ ರಾಜ್ಯವಿತ್ತು. ಅಲ್ಲಿನ ದೊರೆ ಗಂಭೀರಸಿಂಹ ಮಹಾಪ್ರಭುಗಳಿಗೆ ಕಬಡ್ಡಿಯೆಂದರೆ ಪ್ರಾಣ. ಯಾರು ಗೆಲ್ಲುತ್ತಾರೋ ಎಂಬ ಆತಂಕವೊಂದು ಮಾತ್ರ ಅವರ ಆರೋಗ್ಯಕ್ಕೆ ಒಗ್ಗುತ್ತಿರಲಿಲ್ಲ.

ಆದ್ದರಿಂದ ಶ್ರೇಯಾಂಕ ಸಮಿತಿಯು ಪಂದ್ಯಾವಳಿಗೆ ಮೊದಲೇ ಸಭೆ ಸೇರಿ, ಉಪ್ಪಿಟ್ಟು ತಿಂದು, ಹಿರೇಪೇಟೆ ಗುರುಕುಲದ ಹುಡುಗಿಯರನ್ನು ಒಂದನೇ ಸ್ಥಾನದಲ್ಲಿ ಕೂರಿಸಿ ಏಳುವುದು ವಾಡಿಕೆ. ಅವರ ಅಜ್ಜಿಯರು ಗೆದ್ದಿದ್ದರು. ಮೊಮ್ಮಕ್ಕಳು ಗೆದ್ದದ್ದನ್ನು ಯಾರೂ ಕಂಡಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಆ ವರ್ಷ ಕುರುಚಲುಪಾಳ್ಯದ ಹುಡುಗಿಯರು ಉಳಿದೆಲ್ಲರನ್ನೂ ಸೋಲಿಸಿ ಹಿರೇಪೇಟೆಯ ಎದುರು ಫೈನಲ್‌ಗೆ ಬಂದುಬಿಟ್ಟರು. ಗಾಬರಿಯಾದ ಅರಮನೆಯಿಂದ 'ಮೈದಾನಗಳ ತರ್ಕಬದ್ಧ ಮರುಹೊಂದಾಣಿಕೆ' ಎಂಬ ಆಜ್ಞೆ ಹೊರಟಿತು: ಸೋತವರ ಮೈದಾನ ಗೆದ್ದವರಿಗೆ. ಪಾಳ್ಯಕ್ಕೆ ಇದ್ದದ್ದು ಒಂದೇ ಬಯಲು.

ಫೈನಲ್‌ನಲ್ಲಿ ಅಂಕ ಸಮ. ಕೊನೆಯ ರೈಡ್ ಹಿರೇಪೇಟೆಯ ಚಾರುಮತಿಯದು. ಪಾಳ್ಯದ ಅಂಕಣದ ನಟ್ಟನಡುವೆ ಅವಳ ಉಸಿರು ಕಟ್ಟಿತು. ನಿಂತಳು, ಕೆಮ್ಮಿದಳು, ಜಡೆ ಸರಿಮಾಡಿಕೊಂಡಳು, ಮತ್ತೆ "ಕಬಡ್ಡಿ" ಎನ್ನುತ್ತಾ ಪಾಳ್ಯದ ನಾಯಕಿ ಸಣ್ಣತಾಯಿಯನ್ನು ಮುಟ್ಟಿ ಹಿಂದಿರುಗಿದಳು.

"ಔಟು! ಉಸ್ರು ಬಿಟ್ಲು! ಕೆಮ್ಮಿದ್ದು ನಿಮ್ಗೂ ಕೇಳಿಸ್ತಲ್ಲ ಸ್ವಾಮಿ?" ಸಣ್ಣತಾಯಿ ಕೂಗಿದಳು.

ತೀರ್ಪುಗಾರರು ದೊರೆಯನ್ನು ನೋಡಿದರು. ದೊರೆ ಕ್ರೀಡಾಮಾತ್ಯ ವಿನಯಭೂಷಣರನ್ನು ನೋಡಿದರು.

"ಕೆಮ್ಮಿದ್ದು ನಿಜ ಪ್ರಭೂ. ಆದರೆ ಎಂಥ ಮನೆತನದ ಕೆಮ್ಮು! ಈಕೆಯ ಅಜ್ಜಿ ಮಹಾ ಚಾಂಪಿಯನ್. ಆಸ್ತಿ ಇಳಿದು ಬರುವಂತೆ ಉಸಿರೂ ಇಳಿದು ಬರುತ್ತದೆ. ಈಕೆಯದು ಮುಗಿದಲ್ಲಿ ಅಜ್ಜಿಯದು ಶುರುವಾಗಿದೆ."

"ಡೇಟಾ ಇದೆಯೇ?"

"ಪರಂಪರೆ ಇದೆ ಪ್ರಭೂ."

"ಹಾಗಾದರೆ ಡೇಟಾ ಯಾಕೆ?"

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಗೊಣಗಿದರು: "ಅಯ್ಯೋ, ನನ್ ಉಸ್ರೇ ನಂಗೆ ಸಾಲ್ತಿಲ್ಲ ಕಣಪ್ಪಾ. ನಾಕು ಮೆಟ್ಲು ಹತ್ತಕ್ಕಾಗಲ್ಲ."

"ಸಾಕ್ಷಿ ಸಿಕ್ಕಿತು!" ಅಮಾತ್ಯರು ಕುಣಿದಾಡಿದರು. "ಅಜ್ಜಿಯ ಬಳಿ ಉಸಿರಿಲ್ಲ. ಎಂದ ಮೇಲೆ ಮೊಮ್ಮಗಳಿಗೆ ವರ್ಗಾವಣೆಯಾಗಿದೆ!"

ಆಸ್ಥಾನ ಚಪ್ಪಾಳೆ ತಟ್ಟಿತು.

"ಹಂಗಾದ್ರೆ ನಮ್ಮಜ್ಜಿ ಉಸ್ರು?" ಸಣ್ಣತಾಯಿ ಸೊಂಟದ ಮೇಲೆ ಕೈಯಿಟ್ಟಳು.

"ನಿಮ್ಮಜ್ಜಿ ಯಾವ ಕಪ್ ಗೆದ್ದಿದ್ದರಮ್ಮಾ?"

"ಆಡಕ್ಕೇ ಸೇರಿಸ್ಕೊಳ್ಳಿಲ್ವಲ್ಲ, ಎಲ್ಲಿಂದ ಗೆಲ್ತಾಳೆ?"

"ಪರಂಪರೆಯ ಕೊರತೆ ಎನ್ನುವುದು ಇದನ್ನೇ," ಎಂದು ಅಮಾತ್ಯರು ಬಹಳ ಅನುಕಂಪದಿಂದ ತಿಳಿಸಿದರು.

ಚಾರುಮತಿಗೆ ಚಿನ್ನದ ಕಿರೀಟ ತೊಡಿಸಲಾಯಿತು. ಆಕೆ ಧನ್ಯವಾದ ಹೇಳಲು ಹೋಗಿ ಮತ್ತೆ ಕೆಮ್ಮಿದಾಗ ಸಭೆ ಎದ್ದುನಿಂತು ಗೌರವ ಸಲ್ಲಿಸಿತು. ಪಾಳ್ಯದ ಬಯಲಿನಲ್ಲಿ ಹಿರೇಪೇಟೆಯವರ 'ಉಸಿರು ಸ್ಮಾರಕ ಭವನ' ಎದ್ದಿತು. ಅದರ ಖರ್ಚಿಗೆಂದು, ಪಿತ್ರಾರ್ಜಿತ ಉಸಿರಿಲ್ಲದೆ ಸ್ವಂತದ್ದನ್ನೇ ಉಸಿರಾಡುವ ಪ್ರಜೆಗಳ ಮೇಲೆ ಉಸಿರು ಸುಂಕ ಬಿತ್ತು. ಊರಬಾಗಿಲಲ್ಲಿ ಸುಂಕದವನು ಬಂದು ಕೂತ.

ಕೊಡಲು ಕಾಸಿಲ್ಲದ ಪಾಳ್ಯದವರು ಬಾಗಿಲು ಕಾಣುತ್ತಲೇ ಉಸಿರು ಬಿಗಿಹಿಡಿದು ಓಡತೊಡಗಿದರು. ಸುಂಕದವನು ಬೆನ್ನಟ್ಟಿದರೆ ಇನ್ನೂ ದೂರ ಓಡುತ್ತಾರೆ. ಆಮೇಲೆ ಬೇಲಿಯಾಚೆ ನಿಂತು ಏದುಸಿರು ಬಿಡುತ್ತಾ ನಗುತ್ತಾರೆ. ಹೀಗಾಗಿ ಇಂದಿಗೂ ಆ ರಾಜ್ಯದಲ್ಲಿ ಅತಿ ಉದ್ದದ ಉಸಿರು ಪಾಳ್ಯದ ಹುಡುಗಿಯರದೇ. ಆಡಲು ಬಯಲಿಲ್ಲ, ಅಷ್ಟೇ.